ವಾರ್ತೆಯನ್ನು ತೂಗುವ ಉದ್ಯೋಗ

2025ನೆಯ ಇಸವಿಯ ಆಷಾಢದ ಕೊನೆಯಲ್ಲಿ, ಜಡಿಮಳೆಯ ಒಂದು ಮಧ್ಯಾಹ್ನ, ತೀರ್ಥಹಳ್ಳಿಯ ಕಡೆಯ ಗೃಹಸ್ಥನೊಬ್ಬನು ತನ್ನ ಮಗಳೊಡನೆ ಸಾಗರದಲ್ಲಿರುವ ನಮ್ಮ ಮನೆಗೆ ಬಂದನು. ಈತನು ಬಾಲ್ಯದಲ್ಲಿ ನನ್ನಲ್ಲಿ ಓದಿದವನು. “ಮೇಷ್ಟ್ರೇ, ಪದವಿ ಮುಗಿಸಿದ ಈ ಹುಡುಗಿಗೆ ಗೂಢಚಾರರ ಕೆಲಸಕ್ಕೆ ಸೇರುವ ಹುಚ್ಚು ಹಿಡಿದಿದೆ, ತಾವಾದರೂ ಬುದ್ಧಿ ಹೇಳಬೇಕು” ಎಂದನು. ಹುಡುಗಿಯು ಮಾತನಾಡದೆ ಸರಕಾರದ ಪ್ರಕಟಣೆಯ ಪ್ರತಿಯನ್ನು ನನ್ನ ಮುಂದಿಟ್ಟಳು. ಅದನ್ನೋದಿ ನಾನು ಹೇಳಿದ ಮಾತುಗಳು ಇತರ ಗೃಹಸ್ಥರಿಗೂ ಉಪಯುಕ್ತವಾದಾವೆಂದು ಇಲ್ಲಿ ಬರೆದಿರುವೆನು.

ಇಂಟೆಲಿಜೆನ್ಸ್ ಬ್ಯೂರೋ ಎಂಬ ಗುಪ್ತವಾರ್ತಾ ಇಲಾಖೆಯು 1887ರಲ್ಲಿ ಆಂಗ್ಲರ ಆಳ್ವಿಕೆಯಲ್ಲಿ ಹುಟ್ಟಿತು. ಈಗ ಕೇಂದ್ರ ಗೃಹಮಂತ್ರಾಲಯಕ್ಕೆ ಅಧೀನವಾಗಿರುವುದು. ಆ ವರ್ಷ ಅದು ಎರಡನೆಯ ದರ್ಜೆಯ ಸಹಾಯಕ ಅಧಿಕಾರಿಗಳ 3,717 ಸ್ಥಾನಗಳಿಗೆ ಅರ್ಜಿಗಳನ್ನು ಕರೆದಿತ್ತು. ಯಾವ ವಿಷಯದ ಪದವಿಯಾದರೂ ಸಾಕು. ವಯಸ್ಸು 18ರಿಂದ 27ರ ಒಳಗಿರಬೇಕು. ಹಿಂದುಳಿದ ವರ್ಗದವರಿಗೆ 3, ಪರಿಶಿಷ್ಟರಿಗೆ 5 ವರ್ಷಗಳ ವಿನಾಯಿತಿಯುಂಟು. ಮೂಲವೇತನವು 44,900 ರೂಪಾಯಿಗಳಿಂದ ಆರಂಭ. ಆದರೆ ಭಾರತದ ಯಾವ ಮೂಲೆಗಾದರೂ ಹೋಗಲು ಸಿದ್ಧರಿರತಕ್ಕದ್ದು.

“ವೇಷ ಮರೆಸಿಕೊಂಡು ತಿರುಗುವ ಕೆಲಸವಲ್ಲವೇ?” ಎಂದು ತಂದೆಯು ಕೇಳಿದನು. ಚಲನಚಿತ್ರ ನೋಡಿ ಹಾಗೆ ಭಾವಿಸುವವರು ಬಹಳ. ಬಂದ ವಾರ್ತೆಯನ್ನು ತೂಗಿ, ಸತ್ಯವೆಷ್ಟು, ಗಾಳಿಮಾತೆಷ್ಟು ಎಂದು ನಿರ್ಣಯಿಸುವುದೇ ಈ ಉದ್ಯೋಗದ ಜೀವಾಳ. ಕೌಟಿಲ್ಯನು ಇದನ್ನು ಚೆನ್ನಾಗಿ ಬಲ್ಲನು. ಒಬ್ಬರನ್ನೊಬ್ಬರು ಅರಿಯದ ಮೂವರು ಚಾರರ ಮಾತು ಒಂದಾದರೆ ಮಾತ್ರ ನಂಬತಕ್ಕದ್ದೆಂಬುದು ಅವನ ಮತ. ಬಹುಕಾಲ ಕಾಣದಿದ್ದ ಅವನ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯಗ್ರಂಥಾಲಯದ ಓಲೆಗಳಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಆರ್. ಶಾಮಶಾಸ್ತ್ರಿಗಳು ನಮ್ಮ ನಾಡಿನವರೇ.

ವಾರ್ತೆಯ ಬೆಲೆಯನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಹೊಸನಗರ ತಾಲ್ಲೂಕಿನ ನಗರದ ಕೋಟೆ, ಅಂದಿನ ಬಿದನೂರು, 1763ರಲ್ಲಿ ಹೈದರಾಲಿಯ ವಶವಾಯಿತು. ಒಳಹೊಗುವ ಗುಪ್ತಮಾರ್ಗವನ್ನು ಅವನಿಗೆ ತಿಳಿಸಿದವನು ಆ ಸಂಸ್ಥಾನದ ಹಿಂದಿನ ಮಂತ್ರಿಯೇ ಎಂದು ಇತಿಹಾಸಕಾರರು ಬರೆದಿರುವರು. ಕೆಳದಿ ಅರಸರ ರಾಜಧಾನಿಯ ಭಾಗ್ಯವು ಒಂದು ದಾರಿಯ ಸುದ್ದಿಯಲ್ಲಿ ಅಡಗಿತ್ತು!

ಇನ್ನು ಪರೀಕ್ಷೆಯ ಮಾತು. ಮೊದಲ ಹಂತದಲ್ಲಿ ಪ್ರಚಲಿತ ಸಂಗತಿ, ಸಾಮಾನ್ಯಜ್ಞಾನ, ಗಣಿತ, ತರ್ಕ, ಇಂಗ್ಲಿಷು ಇವುಗಳಿಂದ 100 ಪ್ರಶ್ನೆಗಳು. ಕಾಲಾವಧಿ ಒಂದೇ ಗಂಟೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವರು. ತಿಳಿಯದುದನ್ನು ತಿಳಿದಂತೆ ಹೇಳಬಾರದೆಂಬ ಪಾಠವು ಇಲ್ಲಿಂದಲೇ ಮೊದಲಾಗುವುದು. ಎರಡನೆಯದು 50 ಅಂಕಗಳ ಲಿಖಿತ ಪರೀಕ್ಷೆ; ಕಡೆಯದು 100 ಅಂಕಗಳ ಸಂದರ್ಶನ. “ಮಗೂ, ದಿನವೂ ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಓದಿ, ಸಾರವನ್ನು ಹತ್ತು ಪಂಕ್ತಿಗಳಲ್ಲಿ ಬರೆ” ಎಂದೆನು. ಹತ್ತನೆಯ ತರಗತಿ ಮಾತ್ರ ಓದಿದವರಿಗೂ ಅದೇ ಇಲಾಖೆಯು ಅದೇ ವರ್ಷ ಭದ್ರತಾ ಸಹಾಯಕರ 4,987 ಸ್ಥಾನಗಳನ್ನು ಪ್ರಕಟಿಸಿತು. ಅದಕ್ಕೆ ಪ್ರಾಂತದ ಭಾಷೆಯ ಜ್ಞಾನವು ಅವಶ್ಯ. ಕನ್ನಡ ಓದಿದುದು ವ್ಯರ್ಥವೆನ್ನುವವರು ಗಮನಿಸಲಿ.

ಇಷ್ಟಾದ ಮೇಲೆ ತಂದೆಯು ದನಿಯಿಳಿಸಿ, “ಒಳಗಿನವರ ಪರಿಚಯವಿದೆಯೆಂದು ಒಬ್ಬಾತನು ಹಣ ಕೇಳಿರುವನು, ಅಡಿಕೆ ಮಾರಿದ ದುಡ್ಡನ್ನು ತೆಗೆದಿಟ್ಟಿದ್ದೇನೆ” ಎಂದನು. ನನಗೆ ಎದೆ ಝಲ್ಲೆಂದಿತು. “ಅಲ್ಲಯ್ಯಾ, ಹೆಂಗಸರಿಗೆ ಇರುವ ಶುಲ್ಕವೇ 550 ರೂಪಾಯಿ! ಆಯ್ಕೆಯಾದವರ ಪೂರ್ವಚರಿತ್ರೆಯನ್ನೆಲ್ಲ ಸರಕಾರವು ವಿಚಾರಿಸುವುದು. ಗುಟ್ಟಿನ ಕೆಲಸಕ್ಕೆ ಸೇರುವವರ ಸ್ವಂತ ಬಾಳಿನಲ್ಲಿ ಕೊಳಕು ಗುಟ್ಟು ಇರಕೂಡದು. ಲಂಚದ ಕಳ್ಳದಾರಿಯಿಂದ ಹೊಕ್ಕವಳು ನಾಳೆ ಯಾರ ಸತ್ಯವನ್ನು ತೂಗಿಯಾಳು?” ಎಂದೆನು. ಆತನು ತಲೆತಗ್ಗಿಸಿದನು. ಹುಡುಗಿಯು, “ನಾನೂ ಅಪ್ಪಯ್ಯನಿಗೆ ಇದನ್ನೇ ಹೇಳಿದ್ದೆ, ಅಜ್ಜಾ” ಎಂದಳು.

ಅಂದೇ ಸಾಗರದ ಪೇಟೆಯಲ್ಲಿ ಅರ್ಜಿಯನ್ನು ತುಂಬಿಸಿದೆವು. ಶುಲ್ಕವನ್ನು ತಂದೆಯೇ ಕೊಟ್ಟನು. ಬಸ್ಸು ಹತ್ತುವಾಗ, “ನೆಂಟರು ಮಗಳ ಕೆಲಸವೇನೆಂದು ಕೇಳಿದರೆ ಏನೆನ್ನಲಿ?” ಎಂದು ಕೇಳಿದನು. “ಸರಕಾರಿ ಕೆಲಸವೆನ್ನು; ಅದು ಸುಳ್ಳಲ್ಲ. ಅದಕ್ಕಿಂತ ಹೆಚ್ಚು ಹೇಳದಿರುವುದನ್ನು ಈಗಿನಿಂದಲೇ ಅಭ್ಯಾಸ ಮಾಡು” ಎಂದೆನು. ಬಂದ ಮೇಲೆ ಮೊದಲ ಬಾರಿಗೆ ಆತನು ನಕ್ಕನು.