ಬೀಜ ಗಡಿ ದಾಟುತ್ತದೆ, ರಸೀತಿ ದಾಟುವುದಿಲ್ಲ

ರೋಹಿಣಿ ಮಳೆ ಒಂದು ಹದ ಬಿದ್ದರೆ ಸಾಕು, ತೆಲಂಗಾಣದ ಮಕ್ತಲ್, ಕೃಷ್ಣಾ ಕಡೆಯ ಕನ್ನಡ ರೈತರು ಹತ್ತಿಬೀಜಕ್ಕೆಂದು ರಾಯಚೂರಿನ ಹಾದಿ ಹಿಡಿಯುತ್ತಾರೆ. ಹೊಳೆ ದಾಟಿದರೆ ರಾಯಚೂರು, ಅವರಿಗೆ ಅದೇ ಹತ್ತಿರದ ಪೇಟೆ. "ಈ ವರ್ಸ ಯಾವ ಬೀಜ ಛಲೋ ಅದಾವ್ರಿ ಸಾವ್ಕಾರ್ರೆ?" ಎಂದು ಕೇಳುವುದು, ಅಂಗಡಿಯವರು ಕೊಟ್ಟ ಪಾಕೀಟು ಚೀಲಕ್ಕೆ ಹಾಕಿಕೊಳ್ಳುವುದು. ರಸೀತಿ? "ಉದ್ರಿ ವಯ್ಯದಾಗ ಬರೀರಿ, ಬಿಲ್ ಯಾಕ?" ಅಲ್ಲಿಗೆ ಮುಗಿಯಿತು. ಬೀಜ ಹುಟ್ಟದೆ ಹೋದಾಗ, ಹುಟ್ಟಿಯೂ ಕಾಯಿ ಕಟ್ಟದೆ ಹೋದಾಗ ಗೊತ್ತಾಗುತ್ತದೆ ಆ ತುಂಡು ಕಾಗದದ ಬೆಲೆ. ಹೊಲ ಒಂದು ರಾಜ್ಯದ್ದು, ಅಂಗಡಿಯ ಲೈಸೆನ್ಸು ಇನ್ನೊಂದು ರಾಜ್ಯದ್ದು. ಈ ಕಡೆಯ ಅಧಿಕಾರಿ ಆ ಕಡೆ ಕೈ ತೋರಿಸುತ್ತಾರೆ, ಆ ಕಡೆಯವರು ಈ ಕಡೆ.

ಬೀಜವನ್ನು ದುಡ್ಡು ಕೊಟ್ಟು ತರುವುದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಬೇಕಾದರೆ ಕಡ ತರುತ್ತಿದ್ದರು, ಇಲ್ಲವೆ ಬದಲಿ ಕೊಟ್ಟು ತರುತ್ತಿದ್ದರು. ಇದು ಉದ್ದಿಮೆಯಾದದ್ದು 60 ವರ್ಷಗಳಿಂದೀಚೆಗೆ. 1963ರಲ್ಲಿ ರಾಷ್ಟ್ರೀಯ ಬೀಜ ನಿಗಮ ಬಂತು, 1966ರಲ್ಲಿ ಬೀಜ ಕಾಯಿದೆ. ನಡುವೆ 1964ರಲ್ಲಿ ಜಾಲನಾದ ಬದ್ರಿನಾರಾಯಣ ಬರವಾಲೆಯವರು ಮಹಿಕೋ ಕಂಪನಿ ತೆರೆದರು. ಅವರು ಬೀಜದ ವ್ಯವಹಾರಕ್ಕೆ ಕೈ ಹಾಕಿದ್ದು ಬೆಂಡೆಕಾಯಿ ಬೀಜದಿಂದ! ಮರುವರ್ಷ ಬೆಂಗಳೂರಿನಲ್ಲಿ ಮನಮೋಹನ ಅತ್ತಾವರರ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಶುರುವಾಯಿತು. 1970ರಲ್ಲಿ ಸೂರತ್‌ನಲ್ಲಿ ಸಿ.ಟಿ. ಪಟೇಲರು ಎಚ್-4 ಎಂಬ ಹತ್ತಿ ಬಿಡುಗಡೆ ಮಾಡಿದರು. ವ್ಯಾಪಾರಕ್ಕೆ ಬಂದ ಹೈಬ್ರಿಡ್ ಹತ್ತಿಗಳಲ್ಲಿ ಜಗತ್ತಿನಲ್ಲೇ ಅದು ಮೊದಲನೆಯದು. ಎರಡೇ ವರ್ಷಕ್ಕೆ ಧಾರವಾಡದಲ್ಲಿ ಡಾ. ಕಾತರಕಿಯವರು ವರಲಕ್ಷ್ಮಿ ಕೊಟ್ಟರು, ಆಮೇಲೆ ಜಯಲಕ್ಷ್ಮಿ. ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಹಳಬರನ್ನು ಮಾತಾಡಿಸಿದರೆ ಈ ಲಕ್ಷ್ಮಿಯರ ಹೆಸರು ಇಂದಿಗೂ ಬರುತ್ತದೆ.

ಹೈಬ್ರಿಡ್ಡಿನ ಗುಟ್ಟು ಸರಳ. ಒಂದು ಸಲ ಬಿತ್ತಿದರೆ ಭರ್ತಿ ಬೆಳೆ. ಅದೇ ಬೆಳೆಯ ಬೀಜ ಮರುವರ್ಷ ಹಾಕಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಕಾಯಿ ಒಂದೊಂದು ನಮೂನೆ. ಹಾಗಾಗಿ ಪ್ರತಿ ಮುಂಗಾರಿಗೂ ಅಂಗಡಿಗೆ ಹೋಗಲೇಬೇಕು. ಉದ್ದಿಮೆ ಬೆಳೆದದ್ದು ಈ 'ಲೇಬೇಕು' ಎಂಬುದರ ಮೇಲೆ.

ಆ ಬೀಜ ತಯಾರಾಗುವುದು ಎಲ್ಲಿ? ಕಂಪನಿಯ ಎ.ಸಿ. ಕೋಣೆಯಲ್ಲಲ್ಲ. ಗದ್ವಾಲ ಸೀಮೆಯ, ಕರ್ನೂಲು ಜಿಲ್ಲೆಯ, ನಮ್ಮ ಕುಷ್ಟಗಿ, ರಾಣೆಬೆನ್ನೂರು ಕಡೆಯ ಹೊಲಗಳಲ್ಲಿ. ಹೆಣ್ಣು ಸಾಲಿನ ಗಿಡದಲ್ಲಿ ನಾಳೆ ಅರಳಬೇಕಾದ ಮೊಗ್ಗನ್ನು ಇಂದು ಸಂಜೆಯೇ ಬಿಡಿಸಿ ಗಂಡು ಭಾಗ ಉಗುರಿನಿಂದ ಕಿತ್ತು ತೆಗೆಯಬೇಕು. ಬೆಳಿಗ್ಗೆ ಗಂಡು ಗಿಡದ ಹೂ ತಂದು ಅದಕ್ಕೆ ಒರೆಸಬೇಕು. ಒಂದೊಂದೇ ಹೂವಿಗೆ ಹೀಗೆ ಮಾಡುತ್ತ ವಾರಗಟ್ಟಲೆ ನಡೆಯುವ ಕೆಲಸ. 'ಕ್ರಾಸಿಂಗ್' ಎಂದರೆ ಊರಲ್ಲಿ ಎಲ್ಲರಿಗೂ ಗೊತ್ತು. ಎಳೆ ಬೆರಳು ಚುರುಕು, ಕೂಲಿಯೂ ಕಡಿಮೆ ಎಂದು ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ಈ ಹೊಲಗಳಿಗೆ ಕಳಿಸಿದ ಕಥೆ 1990ರ ದಶಕದಿಂದ ದೇಶಕ್ಕೆಲ್ಲ ಗೊತ್ತಾಯಿತು. ಉದ್ದಿಮೆಯ ಬೆಳವಣಿಗೆಯ ಲೆಕ್ಕ ಹೇಳುವವರು ಈ ಬೆರಳುಗಳನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಕಂಪನಿಗೂ ರೈತನಿಗೂ ನಡುವೆ 'ಆರ್ಗನೈಜರ್' ಇರುತ್ತಾನೆ. ಮುಂಗಡ ಕೊಡುವವನು ಅವನೇ, ಬೀಜ ಒಯ್ಯುವವನೂ ಅವನೇ. ತಳಿಶುದ್ಧಿ ಪರೀಕ್ಷೆಯಲ್ಲಿ ಫೇಲ್ ಆಯಿತೆಂದರೆ ನಷ್ಟ ಮಾತ್ರ ರೈತನದು.

1988ರ ಬೀಜ ನೀತಿ ಹೊರದೇಶದ ಬೀಜಕ್ಕೆ ಬಾಗಿಲು ತೆರೆಯಿತು. ಅದಕ್ಕೆ ಉತ್ತರವೆಂಬಂತೆ ರೈತ ಸಂಘದವರು 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದರು. 1998ರಲ್ಲಿ ರಾಯಚೂರು ಜಿಲ್ಲೆಯ ಪ್ರಯೋಗದ ಹತ್ತಿ ಹೊಲಕ್ಕೆ ಬೆಂಕಿ ಬಿತ್ತು. ಆದರೂ 2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಪರವಾನಗಿ ಸಿಕ್ಕಿತು. ಮೊದಮೊದಲು 450 ಗ್ರಾಂ ಪಾಕೀಟಿಗೆ 1,600 ರೂಪಾಯಿಗೂ ಮೇಲೆ. 2006ರಲ್ಲಿ ಆಂಧ್ರ ಸರ್ಕಾರ ಹಟ ಹಿಡಿದು ಅದನ್ನು 750ಕ್ಕೆ ಇಳಿಸಿತು. ಆ ಒಂದು ಕೆಲಸಕ್ಕೆ ಅವರನ್ನು ನೆನೆಯಬೇಕು. ಇಂದು ದೇಶದ ಹತ್ತಿ ಹೊಲದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಬಿಟಿ. ಆದರೆ ಗುಲಾಬಿ ಕಾಯಿಕೊರಕ ಹುಳ ಅದಕ್ಕೂ ಒಗ್ಗಿಕೊಂಡಿದೆ. ಕಳೆನಾಶಕ ತಾಳುವ, ಸರ್ಕಾರದ ಒಪ್ಪಿಗೆಯೇ ಇಲ್ಲದ ಹತ್ತಿಬೀಜ ಈಗ ಕದ್ದುಮುಚ್ಚಿ ಊರೂರು ತಿರುಗುತ್ತಿದೆ. ಅದಕ್ಕೆ ರಸೀತಿ ಕೇಳುವಂತೆಯೂ ಇಲ್ಲ.

ಪಡುವಣದ ಗಡಿಗೆ ಬಂದರೆ ಬೇರೆಯೇ ಲೋಕ. ಜತ್ತ, ಮಂಗಳವೇಢೆ, ಅಕ್ಕಲಕೋಟೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳವೆಂದರೆ ಮಾಲದಂಡಿ. ಸೊಲ್ಲಾಪುರದ ಹತ್ತಿರದ ಮೋಹೋಳದಲ್ಲಿ 1930ರ ದಶಕದಲ್ಲಿ ರೈತರ ಜೋಳದಿಂದಲೇ ಆರಿಸಿ ತೆಗೆದ ಎಂ 35-1 ತಳಿ ಅದು. ಮುಂಗಾರಿ ಜೋಳಕ್ಕೆ 1964ರಲ್ಲೇ ಹೈಬ್ರಿಡ್ ಬಂತು. ಹಿಂಗಾರಿಗೂ ಬಂದವು, ನಿಲ್ಲಲಿಲ್ಲ. ತೇವ ಆರಿದ ನೆಲದಲ್ಲಿ ನಿಲ್ಲುವ ತಾಕತ್ತು, ಮುತ್ತಿನಂಥ ಕಾಳು, ದನ ಒಲಿದು ತಿನ್ನುವ ಕಣಿಕೆ, ಇವೆಲ್ಲ ಒಟ್ಟಿಗೆ ಬರಬೇಕಲ್ಲ! ಒಳ್ಳೆಯ ತೆನಿ ಆರಿಸಿ, ಬಡಿದು, ಬೂದಿ ಬೇವಿನೆಲೆ ಸೇರಿಸಿ ಗಡಿಗೆಗೆ ತುಂಬಿದರೆ ಮುಂದಿನ ವರ್ಷದ ಬಿತ್ತಿಗೆ ತಯಾರು. 2016ರಲ್ಲಿ ಮಂಗಳವೇಢೆ ಜೋಳಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಇಂಥ ಬೀಜದಲ್ಲಿ ಕಂಪನಿಗೆ ಲಾಭವಿಲ್ಲ, ಹಾಗಾಗಿ ಅದರ ಮೇಲಿನ ಸಂಶೋಧನೆ ಸರ್ಕಾರದ ಕೇಂದ್ರಗಳಿಗೇ ಬಿಟ್ಟದ್ದು.

ಮಡಕಶಿರಾ, ರಾಯದುರ್ಗದ ಶೇಂಗಾ ಕಥೆಯೂ ಹೀಗೆಯೇ. ಎಕರೆಗೆ ಚೀಲಗಟ್ಟಲೆ ಬೀಜ ಬೇಕು, ಬೆಳೆದದ್ದು ಮತ್ತೆ ಬೀಜವಾಗುತ್ತದೆ. ಆದರೆ ಒಂದು ವರ್ಷ ಮಳೆ ಕೈಕೊಟ್ಟರೆ ಮನೆಯ ಬೀಜ ಖಾಲಿ, ಸಬ್ಸಿಡಿ ಶೇಂಗಾಕ್ಕೆ ಸಾಲು ನಿಲ್ಲಬೇಕು.

ಮುಂದೇನು? 2001ರ ಸಸ್ಯ ತಳಿ ಸಂರಕ್ಷಣಾ ಕಾಯಿದೆ ರೈತ ತನ್ನ ಬೀಜ ಉಳಿಸಿ, ಬಿತ್ತಿ, ಹಂಚಿ, ಮಾರುವ ಹಕ್ಕು ಕೊಟ್ಟಿದೆ; ಬ್ರಾಂಡಿನ ಹೆಸರು ಹಾಕಿ ಮಾತ್ರ ಮಾರುವಂತಿಲ್ಲ. 1966ರ ಕಾಯಿದೆ ಬದಲಿಸಲು 2004ರಲ್ಲಿ ತಂದ ಮಸೂದೆ ಪಾಸಾಗಲೇ ಇಲ್ಲ. 2025ರ ನವೆಂಬರಿನಲ್ಲಿ ಕೇಂದ್ರ ಹೊಸ ಕರಡು ಹೊರಡಿಸಿ ಅಭಿಪ್ರಾಯ ಕೇಳಿತು. ಪಾಕೀಟಿನ ಮೇಲೆ ಕ್ಯೂಆರ್ ಕೋಡ್ ಹಾಕಿ ಬೀಜದ ಮೂಲ ಹುಡುಕುವ ಮಾತು ಅದರಲ್ಲಿದೆ. ನಷ್ಟವಾದ ರೈತನಿಗೆ ಪರಿಹಾರ ಎಷ್ಟು ದಿನದಲ್ಲಿ, ಯಾರಿಂದ ಎಂಬುದೇ ಗಡಿಯವರ ಪ್ರಶ್ನೆ. ಸದ್ಯಕ್ಕೆ ಗ್ರಾಹಕರ ನ್ಯಾಯಾಲಯವೇ ಗತಿ. ಬೀಜ ಕಾಯಿದೆ ಇದ್ದರೂ ರೈತ ಅಲ್ಲಿಗೆ ಹೋಗಬಹುದೆಂದು ಸುಪ್ರೀಂ ಕೋರ್ಟು 2012ರಲ್ಲಿ, ಆಂಧ್ರದ ರೈತರ ಪ್ರಕರಣದಲ್ಲಿಯೇ ಹೇಳಿದೆ. ಅಲ್ಲಿಯೂ ಮೊದಲು ಕೇಳುವುದು ರಸೀತಿ ಮತ್ತು ಪಾಕೀಟಿನ ಚೀಟಿ.

ಇನ್ನು ಸಬ್ಸಿಡಿ ಬೀಜ. ವಿಜಯಪುರ ಜಿಲ್ಲೆಯ ರೈತ ಸಂಪರ್ಕ ಕೇಂದ್ರದಲ್ಲಿ ಕನ್ನಡದಲ್ಲೇ ಕೇಳಿದರೂ ಜತ್ತದ ರೈತನಿಗೆ ಅದು ಸಿಗದು. ಅವನ ಕೈಯಲ್ಲಿರುವುದು ಮರಾಠಿಯ ಸಾತ್‌ಬಾರಾ, ಅಲ್ಲಿ ಬೇಕಿರುವುದು ಕರ್ನಾಟಕದ ಪಹಣಿ.