ಜಾವಾದ ಬೆಡಿಲ್, ದುರ್ಗದ ಮದ್ದು

ಚಿತ್ರದುರ್ಗದ ಕೋಟೆಯೊಳಗೆ, ಕಲ್ಲು ಕಟ್ಟಿದ ಆಳದ ಗುಂಡಿಯಲ್ಲಿ ನಾಲ್ಕು ದೈತ್ಯ ಬೀಸುಕಲ್ಲುಗಳಿವೆ. ಅಂಚಿನ ಸುತ್ತ ಕಚ್ಚು ಕೊರೆದಿದ್ದಾರೆ. ಆನೆ ಕಟ್ಟಿ ತಿರುಗಿಸುತ್ತಿದ್ದರು ಅಂತ ಗೈಡ್‌ಗಳು ಹೇಳುತ್ತಾರೆ. ‘ಇದು ಮದ್ದು ಬೀಸೋ ಕಲ್ಲು’ ಎಂದಾಗ ಹೊಳಲ್ಕೆರೆ ಕಡೆಯ ಪುಟ್ಟ ಹುಡುಗಿಯೊಬ್ಬಳು, ‘ಯಾರಿಗೆ ಹುಷಾರಿರಲಿಲ್ಲ?’ ಅಂದಳು. ಸುತ್ತಲಿದ್ದವರು ನಕ್ಕರು. ನನಗೆ ಜಾವಾ ನೆನಪಾಯಿತು.

ಜಾವಾ ದ್ವೀಪದಲ್ಲಿ ಕೋವಿಗೆ ‘ಬೆಡಿಲ್’ ಅನ್ನುತ್ತಾರೆ. ಹಿಂದೆ ಕೈಕೋವಿಯಿಂದ ತೋಪಿನವರೆಗೆ, ಮದ್ದು ತುಂಬಿ ಹಾರಿಸುವ ಎಲ್ಲದಕ್ಕೂ ಅದೇ ಹೆಸರು. ಪದ ಮಾತ್ರ ಅಲ್ಲಿಯದಲ್ಲ. ತಮಿಳಿನ ‘ವೆಡಿಲ್’ ಕಡಲು ದಾಟಿದ್ದು ಎನ್ನುತ್ತಾರೆ ಬಲ್ಲವರು. ವೆಡಿ ಅಂದರೆ ಸಿಡಿತ, ವೆಡಿಯುಪ್ಪು ಅಂದರೆ ನಮ್ಮ ಪೆಟ್ಲುಪ್ಪು. 1293ರಲ್ಲಿ ಕುಬ್ಲಾಯ್ ಖಾನನ ದಂಡು ಜಾವಾಕ್ಕೆ ಇಳಿದಿತ್ತು. ಮದ್ದಿನ ವಿದ್ಯೆ ಆ ಚೀನೀ ಹಡಗುಗಳಲ್ಲೇ ಬಂದಿದ್ದರೂ ಹೆಸರು ಹತ್ತಿದ್ದು ಬೇರೆ ಹಡಗು.

ತಮಿಳಿನ ವಕಾರ ನಮ್ಮಲ್ಲಿ ಬಕಾರ: ವಿಲ್–ಬಿಲ್ಲು, ವಾಯ್–ಬಾಯಿ, ವೆಡಿ–ಬೆಡಿ. ತುಳುವಿನಲ್ಲಿ ಬೆಡಿ ಅಂದರೆ ಕೋವಿ. ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಯಲ್ಲೂ ಕಾಸರಗೋಡಿನ ಕುಂಬಳೆಯಲ್ಲೂ ರಾತ್ರಿ ಆಕಾಶ ಬೆಳಗುವ ಸುಡುಮದ್ದಿಗೂ ಬೆಡಿಯೇ. ಹಾಗಂತ ಜಾವಾದ ಬಕಾರ ನೋಡಿ ನಮ್ಮದೇ ಎಂದು ಬೀಗುವ ಹಾಗಿಲ್ಲ. ಕೊನೆಯ ಲಕಾರ ತಮಿಳಿನ ಕಡೆಗೇ ಬೆರಳು ತೋರಿಸುತ್ತದೆ.

ದುರ್ಗದ ಸೀಮೆಯ ಮಾತು ಮದ್ದು. ಪೆಟ್ಲುಪ್ಪು ಮುಕ್ಕಾಲು ಪಾಲು, ಉಳಿದದ್ದು ಇದ್ದಿಲು, ಗಂಧಕ. ಇದನ್ನು ಅರೆದು ಹದ ಮಾಡುವುದು ನಾಟಿ ವೈದ್ಯರ ಕೆಲಸದಂತೆಯೇ ಕಂಡಿರಬೇಕು. ಮಲಯದವರಿಗೂ ಹಾಗೇ ಕಂಡಿದೆ. ಅಲ್ಲಿ ಕೋವಿಮದ್ದಿಗೆ ‘ಉಬಾತ್ ಬೆಡಿಲ್’, ಅಂದರೆ ಕೋವಿಯ ಔಷಧಿ! ಪಾರಸಿಯ ‘ದಾರು’ವಿಗೂ ಇವೇ ಎರಡರ್ಥ. ಆ ಹುಡುಗಿ ತಪ್ಪೇನೂ ಕೇಳಿರಲಿಲ್ಲ.

1779ರಲ್ಲಿ ಹೈದರಾಲಿ ದುರ್ಗ ಹಿಡಿದ ಕಾಲಕ್ಕೆ ಆಯುಧಗಳ ಹೆಸರೂ ಬಹುಪಾಲು ಪರದೇಶಿ. ತುಪಾಕಿ, ತೋಪು ತುರ್ಕಿಯವು. ಫ್ರಾಂಕರ ಹೆಸರು ‘ಫರಂಗಿ’ಯಾಗಿ ನಮ್ಮ ಪಿರಂಗಿಯಾಯಿತು. ಬಂದೂಕಿನ ಮೂಲ ಇನ್ನೂ ತಮಾಷೆ: ಅರಬ್ಬಿಯ ‘ಬುಂದುಕ್’ ಅಂದರೆ ಒಂದು ಬಗೆಯ ಕಾಯಿಬೀಜ, ಅದನ್ನು ಅರಬರು ಗ್ರೀಕರಿಂದ ಪಡೆದರು. ಬೀಜದಂಥ ಗುಂಡಿಗೆ ಆ ಹೆಸರು ಬಂತು, ಗುಂಡಿನಿಂದ ಕೋವಿಗೆ. ಓಬವ್ವನ ಒನಕೆ ಮಾತ್ರ ಅಡುಗೆಮನೆಯಿಂದ ಎದ್ದುಬಂದ ಅಚ್ಚಗನ್ನಡತಿ.

ಜಾವಾ–ಮಲಯ ಸೀಮೆಯಲ್ಲಿ ಪೆಟ್ಲುಪ್ಪಿಗೆ ‘ಸೆಂದಾವಾ’ ಅನ್ನುತ್ತಾರೆ. ಅದು ನಮ್ಮ ಸೈಂಧವ, ಸಿಂಧೂ ಸೀಮೆಯ ಕಲ್ಲುಪ್ಪು. ಅಲ್ಲಿ ಅದು ಬೆಡಿಲಿನೊಳಗೆ ಸಿಡಿಯಿತು. ಇಲ್ಲಿ ಹಿರಿಯೂರಿನ ಗ್ರಂಥಿಗೆ ಅಂಗಡಿಯಲ್ಲಿ ‘ಸೈಂಧಲವಣ ಕೊಡಿ’ ಅಂದರೆ, ಅಜೀರ್ಣಕ್ಕೆ ಅಂತ ಗುಲಾಬಿ ಬಣ್ಣದ ಉಂಡೆಯೊಂದನ್ನು ಕಾಗದದಲ್ಲಿ ಕಟ್ಟಿ ಕೊಡುತ್ತಾರೆ.