ಬಚ್ಚಲುಮನೆಯ ಸ್ವದೇಶಿ

“ಗಂಗಾ ಸ್ನಾನ, ತುಂಗಾ ಪಾನ” ಎಂಬ ನಾಣ್ಣುಡಿಯನ್ನು ಕೇಳದ ಕನ್ನಡಿಗರು ವಿರಳ. ಮೀಯಲು ಗಂಗೆ, ಕುಡಿಯಲು ತುಂಗೆ ಎಂದು ನಮ್ಮ ಹಿರಿಯರು ಎರಡು ನದಿಗಳಿಗೂ ಬೇರೆಬೇರೆ ಕಾರ್ಯವನ್ನು ಹಂಚಿಟ್ಟರು. ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿಯನ್ನು ಹಾದು, ಕೊಪ್ಪ ತಾಲ್ಲೂಕಿನ ಹರಿಹರಪುರವನ್ನು ಮುಟ್ಟಿ, ತೀರ್ಥಹಳ್ಳಿ ಶಿವಮೊಗ್ಗಗಳ ಕಡೆಗೆ ಇಳಿಯುವ ತುಂಗೆಯ ನೀರನ್ನು ಇಂದಿಗೂ ಅಸಂಖ್ಯ ಜನರು ಕುಡಿಯುತ್ತಿದ್ದಾರೆ. ಅದೇ ಗಂಗಾಮೂಲದಲ್ಲಿ ಹುಟ್ಟಿದ ಭದ್ರೆಯ ಹಿನ್ನೀರು ನರಸಿಂಹರಾಜಪುರದ ನೆರೆಯವರೆಗೆ ಹರಡಿಕೊಂಡಿದೆ. ಇಂತಹ ಜಲಗಳ ಮಡಿಲಿನಲ್ಲಿ ಬಾಳುವ ನಾವು ನಮ್ಮ ಬಚ್ಚಲಿನಿಂದ ಅವುಗಳಿಗೆ ಏನನ್ನು ಕಳುಹಿಸುತ್ತಿದ್ದೇವೆಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

2025ನೆಯ ಮಾರ್ಚ್ ತಿಂಗಳಿನಲ್ಲಿ ರಾಜ್ಯದ ಅರಣ್ಯ ಸಚಿವರಾದ ಶ್ರೀ ಈಶ್ವರ ಖಂಡ್ರೆಯವರು, ತೀರ್ಥಕ್ಷೇತ್ರಗಳ ನದಿ, ಕೆರೆ, ಕಲ್ಯಾಣಿಗಳಿಂದ 500 ಮೀಟರುಗಳ ಒಳಗೆ ಸಾಬೂನು ಶಾಂಪೂಗಳ ಮಾರಾಟವನ್ನು ತಡೆಯಬೇಕೆಂದು ಅಧಿಕಾರಿಗಳಿಗೆ ಸೂಚಿಸಿದರು. ಮಿಂದವರು ಸಾಬೂನಿನ ತುಂಡುಗಳನ್ನೂ ಶಾಂಪೂ ಪೊಟ್ಟಣಗಳನ್ನೂ ದಡದಲ್ಲಿಯೇ ಬಿಟ್ಟುಹೋಗುವುದರಿಂದ ನೀರು ಕೆಡುತ್ತದೆಂಬುದು ಅದಕ್ಕೆ ಕಾರಣ. ಶೃಂಗೇರಿಯ ಸ್ನಾನಘಟ್ಟದ ಮೀನುಗಳಿಗೆ ಮಂಡಕ್ಕಿ ಎರಚಿ ಕೈಮುಗಿಯುವ ಭಕ್ತರು ಈ ಸೂಚನೆಯನ್ನು ಮೆಚ್ಚದೆ ಇರಲಾರರು. ಆದರೆ 500 ಮೀಟರುಗಳ ಆಚೆಗೆ ಕೊಂಡ ಪೊಟ್ಟಣವೂ ಮಳೆಗಾಲದ ಮೊದಲನೆಯ ಹೊಡೆತಕ್ಕೆ ಚರಂಡಿ ಸೇರಿ, ಹಳ್ಳ ಸೇರಿ, ಅದೇ ನದಿಗೆ ಬರುತ್ತದೆ. ಮಲೆನಾಡಿನ ಮಳೆ ಅಂಗಡಿಯ ದೂರವನ್ನು ಅಳೆದು ಸುರಿಯುವುದಿಲ್ಲ. ಆದಕಾರಣ ಈ ಪ್ರಶ್ನೆಯು ಘಟ್ಟದ್ದು ಮಾತ್ರವಲ್ಲ, ಪ್ರತಿಯೊಂದು ಮನೆಯ ಬಚ್ಚಲಿನದು.

ಕೆಲವು ತಿಂಗಳ ಹಿಂದೆ ನಾವು ಈ ಮೂರು ತಾಲ್ಲೂಕುಗಳಲ್ಲಿ ಸಂಚರಿಸುತ್ತಿದ್ದಾಗ ಒಂದು ಅಂಗಡಿಯಲ್ಲಿ ಸೀಗೆಪುಡಿಯನ್ನು ಕೇಳಿದೆವು. ಬಾಗಿಲಿಗೆ ತೋರಣದಂತೆ ಶಾಂಪೂ ಪೊಟ್ಟಣಗಳು ತೂಗುತ್ತಿದ್ದುವು. ಅಂಗಡಿಯವರು ಒಳಗೆ ಹುಡುಕಿ ಒಂದು ಡಬ್ಬಿಯನ್ನು ತಂದುಕೊಟ್ಟರು. ಅದು ಹೊರರಾಜ್ಯದ್ದು. ಪ್ಲಾಸ್ಟಿಕ್ ಡಬ್ಬಿಯ ಒಳಗೆ ಮತ್ತೊಂದು ಪ್ಲಾಸ್ಟಿಕ್ ಚೀಲ. ಅಂಗಡಿಯ ಹಿಂದಿನ ಕಾಡಿನಲ್ಲಿ ಸೀಗೆಬಳ್ಳಿ ಮರಕ್ಕೆ ಹಬ್ಬಿ ನಿಂತಿತ್ತು. “ಇಲ್ಲಿಯ ಸೀಗೆ ಇಲ್ಲವೇ?” ಎಂದು ಕೇಳಿದ್ದಕ್ಕೆ, “ಕುಟ್ಟುವವರು ಯಾರು ಸ್ವಾಮಿ?” ಎಂಬ ಉತ್ತರ ದೊರೆಯಿತು. ಆ ಒಂದು ಮಾತಿನಲ್ಲಿ ಇಡೀ ಸಮಸ್ಯೆ ಅಡಗಿದೆ.

ನಮ್ಮ ಬಾಲ್ಯದಲ್ಲಿ ಕಂಡ ಮಲೆನಾಡಿನ ಬಚ್ಚಲನ್ನು ನೆನೆಯೋಣ. ಹಂಡೆಯ ಕೆಳಗೆ ಅಡಿಕೆ ಸೋಗೆ, ತೆಂಗಿನ ಮೊಟ್ಟೆಗಳ ಉರಿ. ಅಭ್ಯಂಜನಕ್ಕೆ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ. ತಲೆಗೆ ಸೀಗೆಪುಡಿ, ಇಲ್ಲವೇ ದಾಸವಾಳದ ಸೊಪ್ಪಿನ ಲೋಳೆ. ಮೈಗೆ ಕಡಲೆಹಿಟ್ಟು, ಅರಿಸಿನ. ತಿಕ್ಕಲು ಒಣಗಿದ ತುಪ್ಪದ ಹೀರೆಯ ನಾರು. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಮುರುಗಲು ಬೀಜದ ತುಪ್ಪ. ಬಚ್ಚಲಿನ ನೀರು ಹಿತ್ತಿಲಿನ ಬಾಳೆಗೂ ಕೆಸುವಿಗೂ ಹೋಗುತ್ತಿತ್ತು. ಮಿಂದ ಮೇಲೆ ಎಸೆಯುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. “ತ್ಯಾಜ್ಯವಿಲ್ಲದ ಸ್ನಾನ” ಎಂದು ಇಂದು ನಗರಗಳಲ್ಲಿ ಹೊಸ ತತ್ತ್ವದಂತೆ ಸಾರುತ್ತಿರುವುದು ನಮ್ಮ ಅಜ್ಜಿಯರಿಗೆ ಹೆಸರಿಲ್ಲದ ನಿತ್ಯಕರ್ಮವಾಗಿತ್ತು.

ಅದು ಏಕೆ ತಪ್ಪಿತು? ಪರದೇಶದವರನ್ನು ದೂರಿದರೆ ಸಾಲದು. ಶಾಂಪೂ ಎಂಬ ಶಬ್ದವೇ ಮೈ ಒತ್ತುವುದು ಎಂಬರ್ಥದ ಹಿಂದಿಯ ‘ಚಾಂಪನಾ’ ಎಂಬುದರಿಂದ ಹೋದದ್ದು. ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹವನ್ನು ತೆರೆದು ಅದನ್ನು ಅಲ್ಲಿ ಪ್ರಸಿದ್ಧಿಗೆ ತಂದನು. ಶಾಂಪೂವನ್ನು ಪುಟ್ಟ ಪೊಟ್ಟಣದಲ್ಲಿ ತುಂಬಿ ಬಡವರ ಕೈಗೂ ಎಟುಕಿಸಿದ ಚಿನ್ನಿ ಕೃಷ್ಣನ್ ಅವರು ನೆರೆಯ ತಮಿಳುನಾಡಿನ ಕಡಲೂರಿನವರು. ಆ ಯುಕ್ತಿಯಿಂದ ಕೂಲಿಯ ಹೆಣ್ಣುಮಗಳಿಗೂ ಒಂದೆರಡು ರೂಪಾಯಿಗೆ ಅರ್ಧ ದಿನದ ಕೆಲಸ ಉಳಿಯಿತೆಂಬುದನ್ನು ಮರೆಯಬಾರದು. ಸೀಗೆಯನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿಯುವ ಶ್ರಮವೆಲ್ಲ ಸ್ತ್ರೀಯರ ಪಾಲಿಗೇ ಬಿದ್ದಿತ್ತು. ಹಳೆಯದನ್ನು ಹೊಗಳುವ ಪುರುಷರು ಒನಕೆಯನ್ನು ಹಿಡಿದವರಲ್ಲ. ಆದುದರಿಂದ ಹಿಂದಿನ ಶ್ರಮಕ್ಕೆ ಹಿಂದಿರುಗಿರೆಂದು ನಾವು ಹೇಳುವುದಿಲ್ಲ. ಆ ಶ್ರಮವನ್ನು ಊರಿನಲ್ಲಿಯೇ ಸಂಬಳದ ಉದ್ಯೋಗವನ್ನಾಗಿ ಮಾಡಿರೆಂದು ಹೇಳುತ್ತೇವೆ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಉಜ್ಜ್ವಲವಾದ ದೃಷ್ಟಾಂತವಿದೆ. ಒಂದನೆಯ ಮಹಾಯುದ್ಧದಲ್ಲಿ ಸಮುದ್ರಮಾರ್ಗಗಳು ಮುಚ್ಚಿದಾಗ ಯೂರೋಪಿಗೆ ಹೋಗಬೇಕಾಗಿದ್ದ ಮೈಸೂರಿನ ಶ್ರೀಗಂಧ ಇಲ್ಲಿಯೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1916ರಲ್ಲಿ ಗಂಧದೆಣ್ಣೆಯನ್ನು ಸಂಸ್ಥಾನದಲ್ಲಿಯೇ ಬಟ್ಟಿಯಿಳಿಸುವ ಕಾರ್ಯ ಆರಂಭವಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆಯನ್ನು ಕಲಿತು ಬಂದರು. 1918ರಲ್ಲಿ ಮೈಸೂರು ಶ್ರೀಗಂಧದ ಸಾಬೂನು ಹೊರಬಂದಿತು. ಅದುವರೆಗೆ ಮರವನ್ನು ಮಾರಿ ಪರಿಮಳವನ್ನು ಕೊಳ್ಳುತ್ತಿದ್ದ ನಾಡು, ಪರಿಮಳವನ್ನೇ ಮಾರುವುದನ್ನು ಕಲಿಯಿತು.

ಇಂದು ಮಲೆನಾಡಿನ ಸ್ಥಿತಿ ಆ ಯುದ್ಧಪೂರ್ವದ ಮೈಸೂರಿನಂತೆಯೇ ಇದೆ. ಉಪ್ಪಾಗೆಯ ಸಿಪ್ಪೆ ಬೊಜ್ಜು ಕರಗಿಸುವ ಔಷಧಿಗೆಂದು ದೇಶಾಂತರಕ್ಕೆ ಹೋಗುತ್ತದೆ. ಸೀಗೆ, ಅಂಟುವಾಳಗಳು ಮೂಟೆಯಲ್ಲಿ ಹೊರಟು ಡಬ್ಬಿಯಲ್ಲಿ ಹಿಂದಿರುಗುತ್ತವೆ. ಇಲ್ಲಿಯೇ ಸೀಗೆಪುಡಿಯನ್ನು ಯಂತ್ರದಲ್ಲಿ ಬೀಸಿ ತೂಕಕ್ಕೆ ಮಾರಬಹುದು. ಕೊಬ್ಬರಿ ಎಣ್ಣೆ ಮತ್ತು ಮುರುಗಲು ತುಪ್ಪದಿಂದ ಸಾಬೂನನ್ನು ಮಾಡಬಹುದು. ತುಪ್ಪದ ಹೀರೆಯ ನಾರನ್ನು ಕತ್ತರಿಸಿಡಬಹುದು. ಕಟ್ಟಿ ಕೊಡುವುದಕ್ಕೆ ಅಡಿಕೆಯ ಹಾಳೆ ಇದ್ದೇ ಇದೆ; ತಟ್ಟೆಯಾಗಬಲ್ಲ ಹಾಳೆ ಸಾಬೂನಿನ ಪೆಟ್ಟಿಗೆಯಾಗಲಾರದೇ? ಹೋಂಸ್ಟೇಗಳಲ್ಲಿ ಪ್ರವಾಸಿಗರಿಗಾಗಿ ಇಂತಹ ಸಾಬೂನುಗಳನ್ನಿಟ್ಟಿರುವುದು ಸಂತೋಷದ ಸಂಗತಿ. ಆದರೆ ಅದು ಅತಿಥಿಯ ಅಲಂಕಾರವಾಗಿ ಉಳಿದರೆ ಪ್ರಯೋಜನವಿಲ್ಲ. ಗುಮಾಸ್ತೆಯ ಮನೆಗೂ ತೋಟದ ಕೂಲಿಯ ಮನೆಗೂ ಎಟುಕುವ ಬೆಲೆಯಲ್ಲಿ ದೊರೆಯಬೇಕು.

ಇಲ್ಲಿ ಕೆಲವು ಎಚ್ಚರಿಕೆಗಳನ್ನು ಹೇಳುವುದು ನಮ್ಮ ಕರ್ತವ್ಯ. ಮೊದಲನೆಯದು, ಊರಿನದೆಂಬ ಮಾತ್ರಕ್ಕೆ ಯಾವುದೂ ನಿರುಪದ್ರವಿಯಾಗುವುದಿಲ್ಲ. ಅಂಟುವಾಳದ ನೊರೆ ಒಡವೆಗೂ ರೇಷ್ಮೆ ಸೀರೆಗೂ ಉತ್ತಮವಾದದ್ದು. ಆದರೆ ಅದೇ ನೊರೆ ಮೀನಿಗೆ ವಿಷ. ಶಾಂಪೂವನ್ನು ಬಿಟ್ಟು ಅಂಟುವಾಳವನ್ನು ಹಿಡಿದು ಸ್ನಾನಘಟ್ಟಕ್ಕೆ ಇಳಿದರೆ ತುಂಗೆಗೆ ಉಪಕಾರವಾಗಲಾರದು. ತೊಳೆಯುವ ಸ್ನಾನ ಮನೆಯ ಬಚ್ಚಲಿನಲ್ಲಿ, ಮುಳುಗುವ ಸ್ನಾನ ನದಿಯಲ್ಲಿ ಎಂಬ ನಿಯಮವೇ ಲೇಸು. ಎರಡನೆಯದು, ಸಾಬೂನಿಗೆ ಕಾಸ್ಟಿಕ್ ಸೋಡ ಬೇಕೇ ಬೇಕು. ಅಳತೆ ತಪ್ಪಿದರೆ ಚರ್ಮ ಸುಡುತ್ತದೆ. ತಣ್ಣನೆಯ ಕ್ರಮದಲ್ಲಿ ಮಾಡಿದ ಸಾಬೂನನ್ನು ನಾಲ್ಕಾರು ವಾರ ಹದವಾಗಲು ಬಿಡಬೇಕು. ನಮ್ಮ ಆಷಾಢದ ತೇವದಲ್ಲಿ ಅದು ಬೆವರುತ್ತದೆ, ಪುಡಿಗೆ ಬೂಸಲು ಹಿಡಿಯುತ್ತದೆ. ಆದ್ದರಿಂದ ವರ್ಷಕ್ಕೆ ಬೇಕಾದ್ದನ್ನು ಬೇಸಿಗೆಯಲ್ಲಿಯೇ ಸಿದ್ಧಪಡಿಸಿ ಬೆಚ್ಚಗಿನ ಅಟ್ಟದಲ್ಲಿ ಇಡುವುದು ವಿವೇಕ. ಮೂರನೆಯದು, ಕೊಂಬೆ ಕಡಿದು ಉಪ್ಪಾಗೆಯನ್ನೂ ಬಳ್ಳಿ ಎಳೆದು ಸೀಗೆಯನ್ನೂ ಸಂಗ್ರಹಿಸಿದರೆ ಮುಂದಿನ ವರ್ಷಕ್ಕೆ ಕಾಯಿಯೂ ಇಲ್ಲ, ಕಸುಬೂ ಇಲ್ಲ. ಬೇಲಿಯ ಮೇಲೆ ಸೀಗೆಯನ್ನೂ ತೋಟದ ಅಂಚಿನಲ್ಲಿ ಅಂಟುವಾಳವನ್ನೂ ನೆಟ್ಟು ಬೆಳೆಸುವವನೇ ನಿಜವಾದ ತಯಾರಕ.

ಅಧಿಕಾರಿಗಳಿಗೆ ಒಂದು ಬಿನ್ನಹ. ಮಾರಾಟಕ್ಕೆ ಸಾಬೂನನ್ನು ಮಾಡುವವರು 2020ರ ಸೌಂದರ್ಯವರ್ಧಕ ನಿಯಮಗಳಂತೆ ಪರವಾನಗಿಯನ್ನು ಪಡೆಯಬೇಕು. ಜನರ ಚರ್ಮವನ್ನು ಕಾಯುವ ಈ ಕಾನೂನು ಯುಕ್ತವೇ ಸರಿ. ಆದರೆ ಹತ್ತು ಹೆಂಗಸರ ಸ್ವಸಹಾಯ ಸಂಘವು ಒಬ್ಬೊಬ್ಬರಾಗಿ ಕಛೇರಿಗಳನ್ನು ಸುತ್ತಲಾರದು. ಮೂರು ತಾಲ್ಲೂಕುಗಳಿಗೂ ಸೇರಿ ಒಂದೇ ತಯಾರಿಕಾ ಶಾಲೆ, ಒಂದೇ ಪರವಾನಗಿ, ಸಹಕಾರ ಸಂಘದ ಹೆಸರಿನಲ್ಲಿ ಏಕೆ ಆಗಬಾರದು? ಗುಣವನ್ನು ಪರೀಕ್ಷಿಸಿ ಸಲಹೆ ಕೊಡಲು ಕೊಪ್ಪದಲ್ಲಿಯೇ ಎ. ಎಲ್. ಎನ್. ರಾವ್ ಸ್ಮಾರಕ ಆಯುರ್ವೇದ ವೈದ್ಯಕೀಯ ಕಾಲೇಜು ಇದೆ. 2022ನೆಯ ಜುಲೈ 1ರಿಂದ ಕೇಂದ್ರ ಸರ್ಕಾರವು ನಿಷೇಧಿಸಿದ ಒಂದು ಬಾರಿ ಬಳಸುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಶಾಂಪೂ ಪೊಟ್ಟಣ ಸೇರಿಲ್ಲ. ಹಲವು ಪದರಗಳನ್ನು ಬೆಸೆದು ಮಾಡಿದ ಆ ಪೊಟ್ಟಣವನ್ನು ಗುಜರಿಯವರೂ ಮುಟ್ಟುವುದಿಲ್ಲ. ಅದರ ಭಾರವೆಲ್ಲ ಕಸ ಬೇರ್ಪಡಿಸುವ ಕೈಗಳ ಮೇಲೆಯೇ ಬೀಳುತ್ತದೆ. ಪಟ್ಟಣ ಪಂಚಾಯತಿಗಳು ತೂಕಕ್ಕೆ ಮಾರುವ ಅಂಗಡಿಗೆ ಒಂದು ಮಳಿಗೆಯನ್ನು ಕಡಮೆ ಬಾಡಿಗೆಗೆ ಕೊಟ್ಟರೆ, ಕಸ ಸಾಗಿಸುವ ವೆಚ್ಚದಲ್ಲಿ ಸ್ವಲ್ಪವಾದರೂ ಉಳಿದೀತು.

ಇನ್ನು ಪುರಜನರ ಕೆಲಸ ಸುಲಭವಾದದ್ದು. ಈ ತಿಂಗಳು ಅಂಗಡಿಗೆ ಹೋಗುವಾಗ ಮನೆಯಿಂದ ಒಂದು ಡಬ್ಬಿಯನ್ನು ಒಯ್ಯಿರಿ. “ಇಲ್ಲಿಯ ಸೀಗೆಪುಡಿ ಕಾಲು ಕಿಲೋ ಕೊಡಿ” ಎಂದು ಕೇಳಿರಿ. ಇಲ್ಲವೆಂದರೆ ಮುಂದಿನ ತಿಂಗಳೂ ಕೇಳಿರಿ. ಹತ್ತು ಮಂದಿ ಕೇಳಿದ ವಸ್ತುವನ್ನು ತರಿಸದ ವ್ಯಾಪಾರಿಯನ್ನು ನಾವು ಕಂಡಿಲ್ಲ. “ಕುಟ್ಟುವವರು ಯಾರು?” ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಕೊಳ್ಳುವವರೇ. ಕೊಳ್ಳುವವರಿದ್ದರೆ ಕುಟ್ಟುವವರು ಹುಟ್ಟುತ್ತಾರೆ. ತುಂಗೆಯ ನೀರೂ ಕುಡಿಯುವ ನೀರಾಗಿಯೇ ಉಳಿಯುತ್ತದೆ.